ನಡುವಿನ ಹಲಗೆ ಇಲ್ಲದ ಕಪಾಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ನಾಲ್ಕೇ ಗೋಡೆ, ಒಳಗೆ ಎರಡು ಸಂಸಾರ. ಮುಂಬಯಿಯ ವಡಾಲದ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಒಂದೇ ಖೋಲಿ. ಬಾಗಿಲ ಕಡೆಯ ಅರ್ಧದಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಕಿಟಕಿಯ ಕಡೆಯ ಅರ್ಧದಲ್ಲಿ ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಮತ್ತು ದೊಡ್ಡವ್ವ. ಅವರಿಗೆ ಮಕ್ಕಳಿರಲಿಲ್ಲ. “ನಾಕು ಮಂದಿಗೂ ಅರ್ಧ, ಇಬ್ಬರಿಗೂ ಅರ್ಧ” ಎಂದು ಅವ್ವ ರೊಟ್ಟಿ ಬಡಿಯುವಾಗ ಕೇಳಿಸುವಂತೆ ಗೊಣಗುತ್ತಿದ್ದಳು. ಗಾಳಿಯೆಲ್ಲ ಅವರ ಕಡೆಗೆ. ಸ್ನಾನದ ಮೋರಿ ಮಾತ್ರ ನಮ್ಮ ಕಡೆಗೆ.

ಅಪ್ಪ, ದೊಡ್ಡಪ್ಪ ಇಬ್ಬರೂ ವಿಜಾಪುರದ ಕಡೆಯ ಹಳ್ಳಿಯಿಂದ ಒಂದೇ ರೈಲಿನಲ್ಲಿ ಮುಂಬಯಿಗೆ ಬಂದವರು. ಖೋಲಿ ಹಿಡಿಯುವಾಗ ಇಬ್ಬರೂ ಸಮಸಮ ಹಣ ಹಾಕಿದ್ದರು. ಹಿರಿಯ ಎಂದು ಬಾಡಿಗೆಯ ಪಾವತಿ, ಅಂದರೆ ರಸೀದಿ, ದೊಡ್ಡಪ್ಪನ ಹೆಸರಿಗೆ ಆಯಿತು. ನನಗೆ ಎಂಟು ವರ್ಷವಾಗಿದ್ದಾಗ, ಯಾವುದೋ ಸಣ್ಣ ಮಾತಿಗೆ, ದೊಡ್ಡಪ್ಪ “ಖೋಲಿ ನನ್ನ ಹೆಸರಿಲೆ ಐತಿ, ನೀ ಇರಾಕ ಬಂದಾವ” ಎಂದುಬಿಟ್ಟ. ಅವತ್ತು ಬಾಯಿ ಮುಚ್ಚಿದ ಅಪ್ಪ ಅಣ್ಣನ ಎದುರು ಮತ್ತೆ ತೆರೆಯಲಿಲ್ಲ.

ಆದರೆ ಒಂದೇ ಖೋಲಿಯಲ್ಲಿ ಮಾತಿಲ್ಲದೆ ನಡೆಯುತ್ತದೆಯೇ? ನಳದ ನೀರು ಯಾರು ಮೊದಲು ಹಿಡಿಯಬೇಕು, ದೀಪ ಯಾವಾಗ ಆರಿಸಬೇಕು, ಎಲ್ಲಕ್ಕೂ ಮಾತು ಬೇಕು. ಆ ಮಾತೆಲ್ಲ ನನ್ನ ಮೂಲಕ ಹೋಗುತ್ತಿತ್ತು. ದೊಡ್ಡಪ್ಪ ಗೋಡೆ ನೋಡುತ್ತ, “ನಿಮ್ಮಪ್ಪಗ ಹೇಳ, ಬೀಡಿ ಹೊಗಿ ಈ ಕಡಿ ಬಿಡಬ್ಯಾಡ ಅಂತ” ಎನ್ನುವನು. ಆರಡಿ ದೂರದಲ್ಲಿ ಕೂತ ಅಪ್ಪನಿಗೆ ಅದು ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೂ ನಾನು ತಿರುಗಿ, “ಅಪ್ಪಾ, ಬೀಡಿ ಹೊಗಿ ಆ ಕಡಿ ಬಿಡಬ್ಯಾಡ ಅಂತ” ಎಂದು ಒಪ್ಪಿಸಿದ ಮೇಲೆಯೇ ಅವನ ಸಿಟ್ಟು ಏರುತ್ತಿತ್ತು. ಒಂದಕ್ಷರ ಮೆತ್ತಗೆ ಮಾಡಿ ಹೇಳುವ ಹಾಗಿರಲಿಲ್ಲ. ಹೇಳಿದವನೂ ಅಲ್ಲೇ ಕೂತು ಕೇಳುತ್ತಿದ್ದ.

ನನ್ನ ಸಂಕಟ ಬೇರೆಯೇ ಇತ್ತು. ನನಗೆ ಹನ್ನೊಂದು ವರ್ಷ. ಹೈಸ್ಕೂಲಿಗೆ ಸೇರುವ ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ಕೊಳ್ಳುವ ಶಕ್ತಿ ಮನೆಯಲ್ಲಿ ಇರಲಿಲ್ಲ. ನಮ್ಮ ಕನ್ನಡ ಶಾಲೆಯ ಗುರುಗಳು ತಮ್ಮ ಪುಸ್ತಕಗಳನ್ನೇ ಓದಲು ಕೊಡುತ್ತಿದ್ದರು. ನಾನು ಅವನ್ನು ಒಂದು ಗೋಣಿಚೀಲದಲ್ಲಿ ಹಾಕಿ ಮೋರಿಯ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದೆ. ಬೇರೆ ಜಾಗವೇ ಇರಲಿಲ್ಲ. ಒಂದು ದಿನ ಯಾರದೋ ಸ್ನಾನದ ನೀರು ಸಿಡಿದು ಗಣಿತದ ಪುಸ್ತಕ ಹಪ್ಪಳದಂತೆ ಉಬ್ಬಿತು. ಅದನ್ನು ಬಿಸಿಲಲ್ಲಿ ಇಟ್ಟರೆ ಇಲಿ ಬಂದು ಮೂಲೆ ತಿಂದಿತು. ಗುರುಗಳು ಪುಸ್ತಕವನ್ನು ತಿರುಗಿಸಿ ನೋಡಿ, ಬೈಯಲಿಲ್ಲ. “ಮುಚ್ಚಿ ಇಡೂ ಜಾಗಾ ಮಾಡ್ಕೊಂಡು ಬಾ, ಆಮ್ಯಾಲ ಕೇಳು. ಅಲ್ಲೀತನಕ ಪುಸ್ತಕ ಇಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಹೊತ್ತಿಗೇ ಮನೆಯಲ್ಲಿ ಕಪಾಟಿನ ಮಾತು ಎದ್ದಿತು. ಎರಡು ಸಂಸಾರದ ನಡುವೆ ಇದ್ದ ಹಳೆಯ ಸೀರೆಯ ಪರದೆ ಹರಿದು ಜಾಲರಿಯಾಗಿತ್ತು. ಗೋಡೆ ಕಟ್ಟಲು ಮಾಲಕ ಬಿಡುವುದಿಲ್ಲ. ದೊಡ್ಡಪ್ಪ ತನ್ನ ಗಡಿಗೆ ಒಂದು ಕಪಾಟು ನಿಲ್ಲಿಸುತ್ತೇನೆ ಎಂದು ನನ್ನ ಮೂಲಕ ಸಾರಿದ. ಹಾಗಾದರೆ ನಾನೂ ನಿಲ್ಲಿಸುತ್ತೇನೆ ಎಂದು ಅಪ್ಪ ನನ್ನ ಮೂಲಕವೇ ಸಾರಿದ. ಬೆನ್ನಿಗೆ ಬೆನ್ನು ಹಚ್ಚಿ ಎರಡು ಕಪಾಟು ನಿಂತರೆ ಮಲಗಲು ಜಾಗ ಎಲ್ಲಿ? ಆಗ ಅಕ್ಕ ನೆಲದ ಮೇಲೆ ಇದ್ದಿಲಿನಿಂದ ಒಂದು ಚೌಕ ಬರೆದಳು. ಅವಳಿಗೆ ಹದಿನಾಲ್ಕು ವರ್ಷ, ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು, ತಲೆ ಮಾತ್ರ ಇಬ್ಬರು ಗಂಡಸರಿಗಿಂತ ಚುರುಕು. “ಪೆಟಗಿ ಒಂದ, ಮಾರಿ ಎರಡು” ಎಂದಳು. “ಈ ಕಡಿಂದ ಎಳಿಯಾಕ ನಮ್ಮ ಖಾನಿ, ಆ ಕಡಿಂದ ಎಳಿಯಾಕ ಅವರ ಖಾನಿ. ಅಡ್ಡ ಪಟ್ಟಿ ಎರಡು ಉಳೀತಾವ, ಬೆನ್ನಿನ ಹಲಗಿ ಎರಡರ ಬದಲಿ ನಡುವ ಒಂದ ಸಾಕು, ತಲೀನೂ ಒಂದ ಸಾಕು.” ಇಬ್ಬರೂ ಅವಳನ್ನು ಹೊಗಳಲಿಲ್ಲ. ಆದರೆ ಇಬ್ಬರೂ ಮಾರನೆಯ ದಿನದಿಂದ ಕಟ್ಟಿಗೆ ತರಲು ಶುರುಮಾಡಿದರು.

ಅಪ್ಪ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಅಲ್ಲಿ ಒಡೆದ ಚಹಾದ ಪೆಟ್ಟಿಗೆಗಳನ್ನು ಶನಿವಾರ ಗೇಟಿನ ಹತ್ತಿರ ಅಗ್ಗಕ್ಕೆ ಮಾರುತ್ತಿದ್ದರು. ಅವನ್ನು ತಲೆಯ ಮೇಲೆ ಹೊತ್ತು ಮನೆಯ ತನಕ ನಡೆದೇ ಬರುತ್ತಿದ್ದ. ಕೆಡವಿದರೆ ತೆಳ್ಳನೆಯ ಪ್ಲೈವುಡ್, ಮೂಲೆಗೆ ಕಂದು ಬಣ್ಣದ ಗಟ್ಟಿ ಪಟ್ಟಿ, ಅಂಚಿಗೆ ತಗಡು. ಯಾವುದನ್ನೂ ಎಸೆಯಲಿಲ್ಲ. ತಗಡನ್ನು ಬಡಿದು ನೆಟ್ಟಗೆ ಮಾಡಿ ಖಾನೆ ಜಾರುವ ಹಳಿ ಮಾಡಿದರು. ಡೊಂಕಾದ ಮೊಳೆಗಳನ್ನು ನಾನೂ ಅಕ್ಕನೂ ಬಾಗಿಲ ಮುಂದಿನ ಗ್ಯಾಲರಿಯ ಕಲ್ಲಿನ ಮೇಲಿಟ್ಟು ಒಂದೊಂದಾಗಿ ನೆಟ್ಟಗೆ ಮಾಡಿದೆವು. ನನ್ನ ಹೆಬ್ಬೆರಳಿನ ಉಗುರು ಆಗ ಕಪ್ಪಾದದ್ದು ಪರೀಕ್ಷೆಯವರೆಗೂ ಕಪ್ಪಾಗಿಯೇ ಇತ್ತು. ಸರಸು ಎಂಬ ಅಂಟು ಪ್ರಾಣಿಯ ಚರ್ಮದ್ದೆಂದು ದೊಡ್ಡವ್ವ ಹೊಸ್ತಿಲು ದಾಟಲು ಬಿಡಲಿಲ್ಲ. ಅವ್ವ ಹುಣಸೆಬೀಜ ಹುರಿದು, ಅರೆದು, ಕುದಿಸಿ ಅಂಟು ಮಾಡಿದಳು. ಅವರಿಬ್ಬರು ಒಪ್ಪಿದ ಸಂಗತಿ ನನಗೆ ನೆನಪಿರುವುದು ಇದೊಂದೇ. ಖಾನೆಯ ಹಿಡಿಕೆಗೆ ಕೆಳಗಿನ ದರ್ಜಿ ಎಸೆದ ದಾರದ ಖಾಲಿ ರೀಲುಗಳು. ಇಡೀ ಖೋಲಿಯಲ್ಲಿ ಚಹಾಪುಡಿಯ, ಸುಟ್ಟ ಹುಣಸೆಬೀಜದ ವಾಸನೆ.

ಎಲ್ಲ ಸಿಕ್ಕಿತು, ಒಂದು ಹಲಗೆ ಮಾತ್ರ ಸಿಗಲಿಲ್ಲ. ನಮ್ಮ ಖಾನೆಗಳಿಗೂ ಅವರ ಖಾನೆಗಳಿಗೂ ನಡುವೆ ನಿಲ್ಲಬೇಕಾದ ಹಲಗೆ. “ಗ್ವಾಡಿ ಬೇಕಂದಾವ ಅವನ, ಹಲಗೀನೂ ಅವನ ತರಲಿ” ಎಂದ ಅಪ್ಪ. “ಒಂದ ಪೆಟಗಿ ಅನ್ನೂ ಶಾಣ್ಯಾತನ ಅವನ ಮಗಳದು, ಹಲಗಿ ಅವಂದ” ಎಂದ ದೊಡ್ಡಪ್ಪ. ನಾನು ಅತ್ತಿತ್ತ ತಿರುಗಿ ತಿರುಗಿ ಎರಡನ್ನೂ ಒಪ್ಪಿಸಿದೆ. ಕೊನೆಗೆ ಹಲಗೆಯೇ ಬೇಡ, ಅಷ್ಟು ಕಟ್ಟಿಗೆ ಉಳಿಯಿತು ಎಂದು ಇಬ್ಬರೂ ಬೇರೆ ಬೇರೆಯಾಗಿ ಸಮಾಧಾನಪಟ್ಟುಕೊಂಡರು.

ಚೌಕಟ್ಟನ್ನು ಇಬ್ಬರೂ ಸೇರಿ ಹೊಡೆದರು. ಐದಡಿ ಅಗಲ, ಎರಡಡಿ ಆಳ. ಗರಗಸ ದೊಡ್ಡಪ್ಪನದು, ಸುತ್ತಿಗೆ ಅಪ್ಪನದು. ಬೇಕಾದಾಗಲೆಲ್ಲ ಎರಡೂ ನನ್ನ ಕೈಯಲ್ಲಿ ಅತ್ತಿತ್ತ ಓಡಾಡಿದವು. ಮೇಲಿನ ಎರಡು ಅಂತಸ್ತು ಡಬ್ಬಿಗಳಿಗೆ. ಕೆಳಗೆ ಮೂರು ಸಾಲು ಖಾನೆ, ಪ್ರತಿ ಸಾಲಿನಲ್ಲಿ ಈ ಕಡೆಗೊಂದು, ಆ ಕಡೆಗೊಂದು. ನಮ್ಮ ಕಡೆಯ ಮೊದಲ ಸಾಲಿನ ಖಾನೆ ನನ್ನದು ಎಂದು ಅಪ್ಪ ಹೇಳಿದ. ನನ್ನ ಪುಸ್ತಕಕ್ಕೆ. ಅವತ್ತು ಶಾಲೆಗೆ ಹೋಗಿ, ಸೋಮವಾರ ಜಾಗ ಆಗುತ್ತದೆ ಎಂದು ಗುರುಗಳಿಗೆ ಹೇಳಿದೆ.

ಆ ಭಾನುವಾರ ಮಳೆಗೆ ಮುಂಚಿನ ಸೆಕೆ. ಅಂಗಿ ಮೈಗೆ ಅಂಟಿಕೊಂಡಿತ್ತು. ಅಪ್ಪ ಗ್ಯಾಲರಿಯಲ್ಲಿ ತನ್ನ ಮೂರು ಖಾನೆ ಮಾಡಿ ಮುಗಿಸಿದ್ದ, ದೊಡ್ಡಪ್ಪ ಟೆರೇಸಿನಲ್ಲಿ ತನ್ನವನ್ನು. ಒಬ್ಬರದು ಒಬ್ಬರಿಗೆ ತೋರಿಸಿರಲಿಲ್ಲ. ಅಪ್ಪ ನನ್ನ ಖಾನೆಯನ್ನು ಮೊದಲು ಒಳಗೆ ತಳ್ಳಿದ. ನಾನು ತಗಡಿನ ಹಳಿಗೆ ಮೇಣದಬತ್ತಿಯ ತುಣುಕು ಉಜ್ಜಿ ಉಜ್ಜಿ ನುಣುಪು ಮಾಡಿದ್ದೆ. ಖಾನೆ ಬೆಣ್ಣೆಯಂತೆ ಒಳಗೆ ಹೋಯಿತು. ಮುಚ್ಚಿತು. ದಾರದ ರೀಲು ಹಿಡಿದು ಎಳೆದೆ, ಬಂತು. ತಳ್ಳಿದೆ, ಹೋಯಿತು. ನಮ್ಮ ಮನೆಯಲ್ಲಿ ನನ್ನದು ಎಂದು ಮುಚ್ಚುವ ಒಂದು ವಸ್ತು ಅದೇ ಮೊದಲು. ನಾನು ಮತ್ತೂ ನಾಲ್ಕು ಸಲ ಎಳೆದು ತಳ್ಳಿದೆ.

ಆಮೇಲೆ ದೊಡ್ಡಪ್ಪ ತನ್ನ ಖಾನೆಯನ್ನು ಆ ಕಡೆಯಿಂದ ತಳ್ಳಿದ. ಅದು ಒಳಗೆ ಹೋದಂತೆ ನನ್ನದು ಹೊರಗೆ ಬಂತು.

ಎರಡು ಇಂಚು. ನಾನು ನನ್ನದನ್ನು ತಳ್ಳಿದೆ, ಆ ಕಡೆ ದೊಡ್ಡಪ್ಪನದು ಹೊರಬಂತು. ಅವನು ಅಂಗೈಯಿಂದ ಒತ್ತಿದ, ನನ್ನದು ಹೊರಬಂತು. ಬಾಗಿಲಲ್ಲಿ ಸೇರಿದ್ದ ನೆರೆಯವರಲ್ಲಿ ಒಬ್ಬ ಮರಾಠಿ ಆಜಿ, “ಹೇ ಕಪಾಟ ಕೀ ಲೋಕಲ್?” ಎಂದಳು, ಇದು ಕಪಾಟೋ ಲೋಕಲ್ ರೈಲೋ ಎಂದು. ಗ್ಯಾಲರಿಯಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ.

ಅಕ್ಕ ಎರಡೂ ಖಾನೆ ಹೊರಗೆಳೆದು ದೊಡ್ಡಪ್ಪನ ಉಕ್ಕಿನ ಪಟ್ಟಿಯಿಂದ ಅಳೆದಳು. ಎರಡಡಿ ಪೆಟ್ಟಿಗೆಯಲ್ಲಿ ಒಬ್ಬರಿಗೆ ಒಂದಡಿ. ಅಪ್ಪನ ಖಾನೆ ಹದಿಮೂರು ಇಂಚು. ದೊಡ್ಡಪ್ಪನದೂ ಹದಿಮೂರು ಇಂಚು. ಉಳಿದ ಎರಡು ಸಾಲುಗಳನ್ನೂ ಅಳೆದಳು. ಎಲ್ಲವೂ ಹದಿಮೂರು. ನಡುವೆ ಹಲಗೆ ಇಲ್ಲವಲ್ಲ, ಒಂದಿಂಚು ಆ ಕಡೆ ನುಗ್ಗಿದರೆ ಯಾರು ನೋಡುತ್ತಾರೆ ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಬೇರೆ ಬೇರೆ ಕೂತು ಒಂದೇ ಕಳ್ಳತನ ಮಾಡಿದ್ದರು. ಅಣ್ಣತಮ್ಮಂದಿರು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು.

“ನಿಮ್ಮಪ್ಪಗ ಹೇಳ, ಒಂದಿಂಚು ಕೊಯ್ಯಿ ಅಂತ” ಎಂದ ದೊಡ್ಡಪ್ಪ.

“ಅವಂಗ ಹೇಳ, ಮೊದಲ ತನ್ನದು ಕೊಯ್ಯಿ ಅಂತ” ಎಂದ ಅಪ್ಪ.

“ಪಾವತಿ ಯಾರ ಹೆಸರಿಲೆ ಐತಿ ಕೇಳ.”

“ಪಾವತಿ ಖಾನಿಯೊಳಗ ಇಟ್ಕೊಂಡು ಅದರ ಮ್ಯಾಲ ಮಲಗು ಅನ್ನು.”

ದೊಡ್ಡವ್ವ ಎದ್ದು ಬಂದು, “ಇವರ ಮಾತಿಗೆ ಸಂಜಿ ಆಕ್ಕೈತಿ” ಎಂದು ತಮ್ಮ ಖಾನೆಯನ್ನು ಸೊಂಟದಿಂದ ಒಂದು ಗುದ್ದು ಗುದ್ದಿದಳು. ನಾನು ಮೇಣ ಉಜ್ಜಿದ್ದು ನೆನಪಿದೆಯಲ್ಲ. ನನ್ನ ಖಾನೆ ಹಳಿ ಬಿಟ್ಟು ಹಾರಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಹಿಟ್ಟಿನ ಪರಾತಕ್ಕೆ ಬಿತ್ತು. ಅವ್ವನ ಮುಖ, ಕೂದಲು, ಒಲೆ ಎಲ್ಲ ಜೋಳದ ಹಿಟ್ಟು. ಅವ್ವ ಮುಖ ಒರೆಸಿಕೊಳ್ಳಲೂ ಇಲ್ಲ. “ನಾಕು ಮಂದಿ ಉಣ್ಣೂ ಹಿಟ್ಟಿದು. ಮನ್ಯಾಗ ಮಕ್ಕಳಿದ್ರ ತಿಳೀತಿತ್ತು” ಎಂದಳು.

ಆ ಮಾತು ಆಡಬಾರದಿತ್ತು. ದೊಡ್ಡವ್ವ ಕಿಟಕಿಯ ಕಡೆ ತಿರುಗಿ ನಿಂತಳು. ನೆರೆಯವರು ಒಬ್ಬೊಬ್ಬರಾಗಿ ಸರಿದರು. ಹಾರ್ಬರ್ ಲೈನಿನ ರೈಲುಗಾಡಿಯೊಂದು ಹೋಯಿತು, ಡಬ್ಬಿಗಳು ನಡುಗಿದವು. ಅದು ದೂರವಾದ ಮೇಲೆ ದೊಡ್ಡಪ್ಪ ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದ: “ನಿಮ್ಮಪ್ಪಗ ಹೇಳ. ಮೂಟಿ ಹೊರಾವನ ಮಗಗ ಪುಸ್ತಕದ ಖಾನಿ ಯಾಕ ಬೇಕು ಅಂತ. ಒಂದಿಂಚು ಕಡಿಮಿ ಓದಿದ್ರ ಏನೂ ಆಗೂದಿಲ್ಲ.”

ಅಪ್ಪ ಸುತ್ತಿಗೆ ಹಿಡಿದಿದ್ದ. “ಹೇಳ ಅವಂಗ” ಎಂದ. “ಈ ಖಾನಿಗೆ ಯಾರರ ಗರಗಸ ಹಚ್ಚಿದ್ರ ಕೈ ಮುರೀತೀನಿ ಅಂತ. ಇದು ಹಿಂಗ ಇರತೈತಿ. ಎರಡು ಇಂಚು ಹೊರಗ ಇರಲಿ. ಹತ್ತು ವರ್ಷ ಇರಲಿ.”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ತಿರುಗಿ ಒಪ್ಪಿಸಬೇಕಿತ್ತು. ನನಗೆ ಆಗ ಹೊಳೆದದ್ದು ಇಷ್ಟೇ. ಎರಡು ಇಂಚು ಹೊರಗಿದ್ದರೆ ಖಾನೆ ಮುಚ್ಚುವುದಿಲ್ಲ. ಮುಚ್ಚದಿದ್ದರೆ ಮೋರಿಯ ನೀರು ಸಿಡಿಯುತ್ತದೆ, ಇಲಿ ಇಳಿಯುತ್ತದೆ. ನಾಳೆ ಗುರುಗಳು ಕೇಳುತ್ತಾರೆ. ಅಪ್ಪನಿಗೆ ಬೇಕಾದದ್ದು ಗೆಲುವು, ದೊಡ್ಡಪ್ಪನಿಗೂ ಗೆಲುವು, ಪುಸ್ತಕ ಬೇಕಾದದ್ದು ಆ ಖೋಲಿಯಲ್ಲಿ ನನಗೊಬ್ಬನಿಗೆ.

“ನೀವ ಹೇಳ್ರಿ” ಎಂದೆ. “ನಾ ಹೇಳೂದಿಲ್ಲ.”

ಅಪ್ಪನ ಏಟು ಕೆನ್ನೆಗೆ ಬಿತ್ತು. ಕಿವಿಯಲ್ಲಿ ಗುಂಯ್ ಎಂದಿತು. ನಾನು ಅಳದೆ ಕಪಾಟಿನ ಪಕ್ಕದ ಹರಕು ಪರದೆ ಸರಿಸಿ ಆ ಕಡೆ ಹೋಗಿ, “ದೊಡ್ಡಪ್ಪಾ, ಗರಗಸ ಕೊಡ್ರಿ” ಎಂದೆ. ಅಪ್ಪ ಸೋತು ಕಳಿಸಿದ್ದಾನೆ ಎಂದುಕೊಂಡು ಅವನು ಮೀಸೆಯಲ್ಲೇ ನಕ್ಕು ಕೊಟ್ಟ. ನಾನು ಗರಗಸವನ್ನು ಅಪ್ಪನ ಕೈಗೆ ಕೊಡಲಿಲ್ಲ. ಹಿಟ್ಟು ಬಳಿದುಕೊಂಡಿದ್ದ ನನ್ನ ಖಾನೆಯನ್ನು ಎತ್ತಿ, ಹೊಸ್ತಿಲ ಮೇಲೆ ಅಡ್ಡ ಇಟ್ಟು, ಕಾಲಿನಿಂದ ಒತ್ತಿ ಹಿಡಿದು, ಹಿಂದಿನ ತುದಿಯಿಂದ ಎರಡು ಇಂಚಿಗೆ ಗರಗಸ ಹಚ್ಚಿದೆ. ಒಂದಲ್ಲ, ಎರಡೂ. ದೊಡ್ಡಪ್ಪ ತನ್ನದನ್ನು ಒಂದು ಕೂದಲಿನಷ್ಟೂ ಕೊಯ್ಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪ್ಲೈವುಡ್ ಕೊಯ್ಯುವುದು ಮಕ್ಕಳ ಕೆಲಸವಲ್ಲ. ಅಂಚು ಸೀಳುತ್ತದೆ, ಗರಗಸ ಸಿಕ್ಕಿಬೀಳುತ್ತದೆ. ಮೂರು ಸಲ ಸಿಕ್ಕಿಬಿದ್ದಾಗ ಅಕ್ಕ ಬಂದು ಆ ಕಡೆಯ ತುದಿ ಹಿಡಿದು ಕೂತಳು. ಅಪ್ಪ ತಾನು ಹೇಳಿದ್ದಂತೆ ಕೈ ಮುರಿಯಲು ಬರಲಿಲ್ಲ. ನಿಂತು ನೋಡಿದ. ಮಗ ತನ್ನ ಕಣ್ಣೆದುರು ತನ್ನ ಹಟವನ್ನು ಕೊಯ್ಯುವುದನ್ನು ನೋಡುವುದು ಅವನಿಗೆ ಹೇಗಿತ್ತೋ ಗೊತ್ತಿಲ್ಲ. ಎರಡು ಇಂಚಿನ ತುಂಡು ಕಳಚಿ ಬಿದ್ದಾಗ ಹಿಂದಿನ ಹಲಗೆಯನ್ನು ಬಿಡಿಸಿ ಹೊಸ ತುದಿಗೆ ಹಚ್ಚಿ, ನೆಟ್ಟಗೆ ಮಾಡಿದ ಮೊಳೆಗಳಲ್ಲಿ ಆರನ್ನು ಹೊಡೆದೆ. ಖಾನೆ ಒಳಗೆ ಇಟ್ಟು ತಳ್ಳಿದೆ. ಮುಚ್ಚಿತು. ಆ ಕಡೆಯದೂ ಹೊರಗೆ ಬರಲಿಲ್ಲ.

“ನೋಡಿದೇನ” ಎಂದು ದೊಡ್ಡಪ್ಪ ದೊಡ್ಡವ್ವನಿಗೆ ಹೇಳಿದ, ಎಲ್ಲರಿಗೂ ಕೇಳಿಸುವಂತೆ. “ಓದೂ ಹುಡುಗ ಶಾಣ್ಯಾ ಅದಾನ. ಅವರಪ್ಪಗಿಂತ ಮೊದಲ ಸೋಲೂದು ಕಲ್ತ.”

ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನು ಸತ್ತು ಎಷ್ಟೋ ವರ್ಷವಾಯಿತು.

ಉಳಿದ ಎರಡು ಸಾಲಿನ ಕಥೆ ಸಣ್ಣದು. ಎರಡನೆಯ ಸಾಲಿನಲ್ಲಿ ದೊಡ್ಡಪ್ಪ ತನ್ನ ಖಾನೆ ಪೂರಾ ಒಳಗೆ ತಳ್ಳಿ, ಹಿಂದೆ ಸರಿಯದಂತೆ ಮೊಳೆ ಹೊಡೆದ. ನಮ್ಮದು ಎರಡಿಂಚು ಹೊರಗೆ ನಿಂತಿತು. ಮೂರನೆಯ ಸಾಲಿನಲ್ಲಿ ಅಪ್ಪ ಅದನ್ನೇ ಮಾಡಿದ. ಅವರದು ಹೊರಗೆ ನಿಂತಿತು. ಮೊಳೆ ಹೊಡೆದ ಖಾನೆಗಳು ತೆರೆಯುವುದೇ ಇಲ್ಲವಾದ್ದರಿಂದ ಇಬ್ಬರೂ ತಲಾ ಒಂದು ಖಾನೆಯನ್ನೇ ಕಳೆದುಕೊಂಡರು. ಅವ್ವನ ಸೊಂಟಕ್ಕೆ ನಮ್ಮದು, ದೊಡ್ಡವ್ವನ ಮೊಣಕಾಲಿಗೆ ಅವರದು ಬಡಿಯುತ್ತಿತ್ತು. ಬಡಿದಾಗಲೆಲ್ಲ ಬೈಗುಳ. ಕಟ್ಟಿಗೆ ಮಾತ್ರ ಬಹಳ ಉಳಿಯಿತು.

ಅಪ್ಪ ಅವತ್ತು ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ, “ನಿನ್ನ ತಮ್ಮಗ ಹೇಳ, ಉಪ್ಪು ಈ ಕಡಿ ಸರಿಸು ಅಂತ” ಎಂದು ಅಕ್ಕನಿಗೆ ಹೇಳಿದ. ಉಪ್ಪು ನನ್ನ ಪಕ್ಕದಲ್ಲೇ ಇತ್ತು. ಅಕ್ಕ ನನ್ನ ಕಡೆ ತಿರುಗಿ ಹೇಳಿದ ಮೇಲೆ ನಾನು ಸರಿಸಿದೆ. ಪರೀಕ್ಷೆ ಮುಗಿಯುವವರೆಗೂ ಅಪ್ಪ ನನ್ನೊಡನೆ ನೇರವಾಗಿ ಮಾತಾಡಲಿಲ್ಲ.

ಸೋಮವಾರ ಗುರುಗಳು, “ಜಾಗಾ ಆತೇನು?” ಎಂದರು. “ಆತ್ರಿ” ಎಂದೆ. “ಮುಚ್ಚತದ?” “ಮುಚ್ಚತದ್ರಿ.” ಅವರು ನನ್ನ ಕೆನ್ನೆ ನೋಡಿದರು. ಗಣಿತದ್ದೊಂದು, ಭೂಗೋಳದ್ದೊಂದು ಪುಸ್ತಕ ಕೊಟ್ಟರು. ಭೂಗೋಳದ ಪುಸ್ತಕ ಉದ್ದವಿತ್ತು. ಹನ್ನೊಂದು ಇಂಚಿನ ಖಾನೆಯಲ್ಲಿ ಅದನ್ನು ಅಡ್ಡಲಾಗಿ ಇಡಬೇಕಾಯಿತು. ಒದ್ದೆಯಾಗಲಿಲ್ಲ. ಇಲಿಯೂ ಮುಟ್ಟಲಿಲ್ಲ. ಮುಂದೆ ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಅದನ್ನು ಹೇಳಲು ನನಗೆ ಸಂಕೋಚವಿಲ್ಲ, ನೀವು ಜಂಬ ಎಂದರೂ ಸರಿ.

ಮಕ್ಕಳೇ, ಹಿಂದೊಮ್ಮೆ ಈ ಕಥೆ ಹೇಳಿದಾಗ ನೀವು, “ಅಜ್ಜಾ, ಆ ಟೈಮ್ ಮಸ್ತ್ ಇತ್ತಲ್ಲ, ಸಬ್ ಲೋಗ್ ಒಟ್ಟಿಗೆ” ಎಂದಿರಿ. ಮಸ್ತ್ ಇರಲಿಲ್ಲ. ನಾನು ಎರಡಿಂಚು ಬಿಟ್ಟುಕೊಟ್ಟದ್ದನ್ನು ದೊಡ್ಡ ಗುಣ ಎಂದೂ ಕಲಿಯಬೇಡಿ. ಬಿಟ್ಟುಕೊಟ್ಟದ್ದಲ್ಲ ಅದು, ನನ್ನಿಂದ ಕಿತ್ತುಕೊಂಡದ್ದು. ಕೊಯ್ದ ಕೈ ನನ್ನದು, ಅಷ್ಟೇ.

ಈಗ ಸಯನ್‌ನ ಈ ಫ್ಲ್ಯಾಟಿನಲ್ಲಿ ನಿಮ್ಮಿಬ್ಬರಿಗೆ ಒಂದು ಖೋಲಿ, ಗೋಡೆಯ ತುಂಬ ಕಪಾಟು, ಒಬ್ಬೊಬ್ಬರಿಗೆ ನಾಲ್ಕು ಖಾನೆ. ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ತಾನೇ ಒಳಗೆ ಹೋಗುತ್ತದೆ. ಯಾರದೂ ಯಾರ ಕಡೆಗೂ ಹೊರಬರುವುದಿಲ್ಲ. ಮೊನ್ನೆ ನೀವು ಶಾಲೆಗೆ ಹೋಗಿದ್ದಾಗ ನಾನು ಒಂದನ್ನು ಎಳೆದು ಕೊನೆಯವರೆಗೂ ಕೈ ಹಾಕಿ ನೋಡಿದೆ. ಮುಂದೆ ಎರಡು ಪೆನ್ಸಿಲು, ಒಂದು ಹಳೆಯ ಚಾರ್ಜರು. ಹಿಂದೆ ಒಂದು ಗೇಣು ಪೂರಾ ಖಾಲಿ. ನಿಮಗೆ ಆ ಜಾಗ ಇರುವುದೇ ಗೊತ್ತಿಲ್ಲ. ಏನಾದರೂ ತುಂಬಿಸಿ ಎಂದು ನಾನು ಹೇಳುವುದಿಲ್ಲ. ಹಾಗೇ ಮುಚ್ಚಿ ಬಂದೆ.